ಭರಣವೂ ಭಾಗವೂ: ಅಂಗವಿಕಲ ತರುಣರ ವೃತ್ತಿಶಿಕ್ಷಣ ವಿಚಾರ

ಧರ್ಮಶಾಸ್ತ್ರಗಳ ದಾಯವಿಭಾಗ ಪ್ರಕರಣದಲ್ಲಿ ಅನಂಶರು, ಎಂದರೆ ಪಿತೃಧನದ ಪಾಲಿಗೆ ಅರ್ಹರಲ್ಲದವರು, ಯಾರೆಂಬ ವಿಚಾರವು ಬರುತ್ತದೆ. ಮನುಸ್ಮೃತಿಯು ಹುಟ್ಟುಕುರುಡರು, ಕಿವುಡರು, ಮೂಕರು, ಜಡರು ಮೊದಲಾದವರನ್ನೂ, ಯಾಜ್ಞವಲ್ಕ್ಯಸ್ಮೃತಿಯು ಕುರುಡರು, ಕುಂಟರು, ಅಸಾಧ್ಯರೋಗಿಗಳು ಮೊದಲಾದವರನ್ನೂ ಈ ಗಣದಲ್ಲಿ ಸೇರಿಸಿರುತ್ತವೆ. ಆದರೆ ಸ್ಮೃತಿಕಾರರು ಇಷ್ಟಕ್ಕೇ ನಿಲ್ಲಲಿಲ್ಲ. ಇವರನ್ನು ಅನ್ನವಸ್ತ್ರಗಳಿಂದ ಪೋಷಿಸತಕ್ಕದ್ದೆಂದು ಇಬ್ಬರೂ ವಿಧಿಸಿದರು. ಹಾಗೆ ಕೊಡದವನು ಪತಿತನೆಂದು ಮನುವು ಹೇಳಿದನು. ಭರಣವುಂಟು, ಭಾಗವಿಲ್ಲ ಎಂಬುದು ನಿರ್ಣಯವು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ಎರಡು ವಿಶೇಷಗಳನ್ನು ತಿಳಿಸಿರುತ್ತಾನೆ. ವಿಭಾಗಕ್ಕೆ ಮೊದಲೇ ದೋಷವಿದ್ದರೆ ಮಾತ್ರ ಭಾಗವಿಲ್ಲ, ಅನಂತರ ಬಂದ ದೋಷದಿಂದ ಪಡೆದ ಪಾಲು ಹೋಗದು ಎಂಬುದು ಮೊದಲನೆಯದು. ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷವು ನಿವೃತ್ತವಾದರೆ ಅವನಿಗೆ ಭಾಗವುಂಟೆಂಬುದು ಎರಡನೆಯದು. ಇದರಿಂದ ಪ್ರತಿಬಂಧಕವು ಹೋದೊಡನೆ ಹಕ್ಕು ತಲೆಯೆತ್ತುವುದೆಂದು ಸಿದ್ಧವಾಗುತ್ತದೆ.

ಈ ಅನರ್ಹತೆಯನ್ನು ಮಿತಾಕ್ಷರಾನುಯಾಯಿಗಳ ವಿಷಯದಲ್ಲಿ ಬ್ರಿಟಿಷ್ ಇಂಡಿಯಾದ 1928ರ ಶಾಸನವು ಬಹುಮಟ್ಟಿಗೆ ತೆಗೆದುಹಾಕಿತು. ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಮಾತ್ರ ಅದು ಹೊರಗಿಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ರೋಗದಿಂದಾಗಲಿ ಅಂಗದೋಷದಿಂದಾಗಲಿ ಯಾರೂ ದಾಯಕ್ಕೆ ಅನರ್ಹರಲ್ಲವೆಂದು ವಿಧಿಸಿತು. ಆದರೆ ಭಾಗಿಸಿಕೊಳ್ಳಲು ಆಸ್ತಿಯೇ ಇಲ್ಲದ ಮನೆಗಳು ಅಸಂಖ್ಯವಾಗಿವೆ. ಅಂಥವರಿಗೆ ಉದ್ಯೋಗವೇ ದಾಯವು. 1995ರ ಶಾಸನವು ಸರ್ಕಾರದ ಹುದ್ದೆಗಳಲ್ಲಿ ನೂರಕ್ಕೆ 3ನ್ನೂ, 21 ಬಗೆಯ ವೈಕಲ್ಯಗಳನ್ನು ಪರಿಗಣಿಸಿದ 2016ರ ಶಾಸನವು ನೂರಕ್ಕೆ 4ನ್ನೂ ಮೀಸಲಿಟ್ಟವು. ಸೇವೆಯಲ್ಲಿರುವಾಗ ವೈಕಲ್ಯ ಹೊಂದಿದ ಸರ್ಕಾರೀ ನೌಕರನನ್ನು ಕೆಲಸದಿಂದ ತೆಗೆಯಕೂಡದೆಂದೂ ಈ ಎರಡನೆಯ ಶಾಸನವು ಹೇಳುತ್ತದೆ. ವಿಜ್ಞಾನೇಶ್ವರನ ಮೊದಲನೆಯ ವಿಶೇಷವು ಇಲ್ಲಿ ನೆನಪಿಗೆ ಬಾರದಿರದು.

ಎರಡನೆಯ ವಿಶೇಷದ ಗತಿಯೇನು? ಔಷಧದಿಂದ ವಾಸಿಯಾಗದ ಕುರುಡುತನಕ್ಕೆ ಶಿಕ್ಷಣದಿಂದ ಏನು ಪ್ರಯೋಜನವೆಂದು ಪೂರ್ವಪಕ್ಷಿಯು ಕೇಳಬಹುದು. ಇದಕ್ಕೆ ಸಮಾಧಾನವೇನೆಂದರೆ, ಕೆಲಸಕ್ಕೆ ಪ್ರತಿಬಂಧಕವಾದುದು ಅಂಗದೋಷವೊಂದೇ ಅಲ್ಲ. ಆ ಅಂಗಕ್ಕೂ ಕೆಲಸದ ಉಪಕರಣಕ್ಕೂ ಇರುವ ಹೊಂದಿಕೆಯ ಅಭಾವವೂ ಹೌದು. ದೋಷವು ಉಳಿದರೂ ಈ ಅಭಾವವನ್ನು ನೀಗಬಹುದು. ಕಣ್ಣಿಲ್ಲದವನಿಗೆ ಅಚ್ಚಿನ ಅಕ್ಷರವು ಪ್ರತಿಬಂಧಕವು. ಆರು ಚುಕ್ಕಿಗಳ ಬ್ರೈಲ್ ಲಿಪಿಯೂ, ತೆರೆಯ ಮೇಲಿನ ಬರೆಹವನ್ನು ಓದಿ ಹೇಳುವ ಗಣಕಯಂತ್ರವೂ ಅದನ್ನು ನಿವಾರಿಸುತ್ತವೆ. ಕಿವಿ ಕೇಳದವಳಿಗೆ ಸಂಜ್ಞಾಭಾಷೆಯನ್ನು ಬಲ್ಲ ದ್ವಿಭಾಷಿಯು ದೊರೆತರೆ ಸಂದರ್ಶನದಲ್ಲಿ ಉತ್ತರ ಕೊಡುವಳು. ಕಾಲಿಲ್ಲದವನಿಗೆ ಮೆಟ್ಟಲಿಗೆ ಬದಲು ಇಳಿಜಾರು ದಾರಿ ಸಾಕು. ಬುದ್ಧಿವಿಕಾಸವು ಮಂದವಾದವರಿಗೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಕೆಲಸದ ಸ್ಥಳದಲ್ಲಿಯೇ ಜೊತೆಗಿದ್ದು ಕಲಿಸಿ, ಅಭ್ಯಾಸವಾದಂತೆಲ್ಲ ಶಿಕ್ಷಕನು ಕ್ರಮವಾಗಿ ಹಿಂದೆ ಸರಿಯಬೇಕು. ಇವೇ ಇಲ್ಲಿ ಔಷಧಾದಿಗಳು.

ಮೈಸೂರಿನಲ್ಲಿ 1901ರಲ್ಲಿಯೇ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಪಾಠಶಾಲೆಯು ಸ್ಥಾಪಿತವಾಯಿತು. ಅಕ್ಷರವಿದ್ಯೆಗೆ ಕನ್ನಡನಾಡು ಹೊಸದಲ್ಲ. ತೊಡಕಿರುವುದು ಶಾಲೆಗೂ ಉದ್ಯೋಗಕ್ಕೂ ನಡುವಣ ವಯಸ್ಸಿನಲ್ಲಿ. ಕುರುಡರೆಲ್ಲರಿಗೂ ಬೆತ್ತದ ಹೆಣಿಗೆ, ಕಿವುಡರೆಲ್ಲರಿಗೂ ಹೊಲಿಗೆ ಎಂದು ದೋಷವನ್ನು ನೋಡಿ ಕಸುಬನ್ನು ಗೊತ್ತುಮಾಡುವುದು ಹಳೆಯ ರೂಢಿಯು. ಇದು ರೋಗಿಯನ್ನು ನೋಡದೆ ರೋಗದ ಹೆಸರಿಗೆ ಮದ್ದು ಕೊಟ್ಟಂತೆ. ತರುಣನ ಅಭಿರುಚಿಯನ್ನೂ ಊರಿನಲ್ಲಿ ದೊರೆಯುವ ಕೆಲಸವನ್ನೂ ಕೂಡಿಸಿ ನೋಡಿ ಕಸುಬನ್ನು ಆರಿಸತಕ್ಕದ್ದು. ಒಬ್ಬನೇ ಬಸ್ಸಿನಲ್ಲಿ ಹೋಗಿಬರುವುದು, ಸಂಬಳವನ್ನು ಎಣಿಸಿ ಇಡುವುದು, ತನಗೆ ಬೇಕಾದ ಅನುಕೂಲವನ್ನು ಸಂಕೋಚವಿಲ್ಲದೆ ಕೇಳುವುದು ಇವೂ ಶಿಕ್ಷಣದ ಅಂಗಗಳೇ. ಕೆಲಸ ಕೊಡುವವನಿಗೂ ಜೊತೆಗಾರರಿಗೂ ಪಾಠವು ಅವಶ್ಯಕ. ಏತಕ್ಕೆಂದರೆ ಹೊಂದಿಕೆಯು ಎರಡು ಕಡೆಯಿಂದ ಆಗತಕ್ಕದ್ದು. ಸಾಮಾನ್ಯ ವೃತ್ತಿಶಿಕ್ಷಣದ ಯೋಜನೆಗಳಲ್ಲಿಯೇ ಅಂಗವಿಕಲರಿಗೂ ಸ್ಥಾನವಿರಬೇಕೆಂದು 2016ರ ಶಾಸನವು ಹೇಳಿರುವುದರ ಆಶಯವೂ ಇದೇ ಆಗಿದೆ.

ಈ ಶಿಕ್ಷಣವು ದೊರೆಯದಿದ್ದರೆ ಹದಿನೆಂಟು ವರ್ಷದ ತರುಣನು ಶಾಲೆಯನ್ನು ಬಿಟ್ಟು ಮನೆಯ ಮೂಲೆಯನ್ನು ಸೇರುವನು. ತಾಯಿತಂದೆಗಳು ಇರುವವರೆಗೆ ಅವನ ತಟ್ಟೆಗೆ ಅನ್ನ ಬೀಳುವುದು. ನಮ್ಮ ಕಾಲಾನಂತರ ಇವನಿಗೆ ಯಾರು ಗತಿಯೆಂಬ ಅವರ ನಿಟ್ಟುಸಿರಿಗೆ ಭರಣವು ಉತ್ತರವಾಗಲಾರದು. ಭರಣವು ಕೊಡುವವನ ಆಯುಸ್ಸನ್ನೂ ಮನಸ್ಸನ್ನೂ ಅವಲಂಬಿಸಿರುತ್ತದೆ. ಕೈಗೆ ಬಂದ ಕಸುಬು ಹಾಗಲ್ಲ. ಭಾಗವನ್ನು ಶಾಸನವು ಘೋಷಿಸಿ ಆಗಿದೆ. ಅದನ್ನು ತರುಣನ ಕೈಗೆ ಮುಟ್ಟಿಸುವುದು ವೃತ್ತಿಶಿಕ್ಷಣದ ಕೆಲಸವು.