ಮಕ್ಕಳ ರಿಯಾಜು: ತಾಯಿತಂದೆಗಳಿಗೆ ಎರಡು ಮಾತು

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬುದು ಹಿರಿಯರ ಮಾತು. ಅಭ್ಯಾಸದ ಮಹಿಮೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಆದರೆ ಈ ಗಾದೆಯ ಬೆನ್ನಿಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕಾಗುತ್ತದೆ. ಹಾಡುತ್ತ ಹಾಡುತ್ತ ನೆಲೆಗೊಳ್ಳುವುದು ರಾಗವೊಂದೇ ಅಲ್ಲ, ಅಪಸ್ವರವೂ ನೆಲೆಗೊಳ್ಳುತ್ತದೆ. ಬೆರಳುಗಳಿಗೆ ಸರಿತಪ್ಪುಗಳ ವಿವೇಚನೆಯಿಲ್ಲ. ಹತ್ತು ಸಲ ಮಾಡಿಸಿದ್ದನ್ನು ಹನ್ನೊಂದನೆಯ ಸಲ ಅವು ತಾವಾಗಿಯೇ ಮಾಡುತ್ತವೆ. ಆದ್ದರಿಂದ ಮಗು ಎಷ್ಟು ಹೊತ್ತು ಬಾರಿಸಿತು ಎಂಬುದಕ್ಕಿಂತ ಹೇಗೆ ಬಾರಿಸಿತು ಎಂಬುದೇ ಮುಖ್ಯ.

ಸೇಡಂ ತಾಲ್ಲೂಕಿನ ಕೋಡ್ಲಾದಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನೋಡೋಣ. ಕಲಬುರಗಿ ಸೀಮೆಗೆ ಸಂಗೀತ ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇಲ್ಲಿಯ ಗಾಳಿಯಲ್ಲಿಯೇ ಇವೆ. ಶ್ರಾವಣ ಬಂದಿತೆಂದರೆ ಗುಡಿಗಳಲ್ಲಿ ಏಕತಾರಿ, ತಾಳ, ಹಾರ್ಮೋನಿಯಂ, ತಬಲಾಗಳ ನಾದ ಏಳುತ್ತದೆ. ಅದನ್ನು ಕೇಳಿದ ಮಗುವಿಗೆ ತಾನೂ ಕಲಿಯಬೇಕೆಂಬ ಆಸೆ ಹುಟ್ಟುವುದು ಸಹಜ. ತಂದೆ ತೊಗರಿ ಮಾರಿದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ ಹಾರ್ಮೋನಿಯಂ ಕೊಂಡು ತರುತ್ತಾನೆ. ಪಾಠಕ್ಕೆ ಮಾತ್ರ ಸೇಡಮ್ಮಿಗೋ ಕಲಬುರಗಿಗೋ ಹೋಗಬೇಕು. ವಾರವೊಂದಕ್ಕೆ ೧೬೮ ಗಂಟೆಗಳು. ಅದರಲ್ಲಿ ಒಂದು ಗಂಟೆ ಗುರುಗಳದಾದರೆ ಉಳಿದ ೧೬೭ ಗಂಟೆಗಳೂ ಮನೆಯವು. ಆ ಮನೆಯ ಗಂಟೆಗಳಿಗೆ ಒಂದು ಕ್ರಮವಿಲ್ಲದೆ ಹೋದರೆ, ಎರಡು ವರ್ಷಗಳಲ್ಲಿ ವಾದ್ಯ ಅಟ್ಟವನ್ನು ಸೇರುತ್ತದೆ. ಅದರೊಡನೆ ‘ನನಗೆ ಸಂಗೀತ ಬರುವುದಿಲ್ಲ’ ಎಂಬ ನಂಬಿಕೆಯೊಂದು ಮಗುವಿನ ಮನಸ್ಸಿನಲ್ಲಿ ಕಾಯಮ್ಮಾಗಿ ಉಳಿದುಬಿಡುತ್ತದೆ. ಹಣದ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಗುರುಕುಲದ ಗುಟ್ಟು

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಪಂಚಾಕ್ಷರ ಗವಾಯಿಗಳೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಸ್ವತಃ ದೃಷ್ಟಿಹೀನರಾಗಿದ್ದು, ಅಂಥವೇ ಎಷ್ಟೋ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಪುಸ್ತಕ ನೋಡಿ ಕಲಿಯಲಾರದ ಮಗುವಿಗೆ ಕಿವಿಯೇ ಪುಸ್ತಕ. ಗುರು ಶಿಷ್ಯರು ಒಂದೇ ಸೂರಿನಡಿ ಇರುವುದರಿಂದ ಬೆರಳು ಜಾರಿದ ಕ್ಷಣದಲ್ಲಿಯೇ ತಿದ್ದುವ ದನಿಯೊಂದು ಹತ್ತಿರದಲ್ಲಿರುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಆ ಭಾಗ್ಯವಿಲ್ಲ. ಸೋಮವಾರ ಮಾಡಿದ ತಪ್ಪನ್ನು ಗುರುಗಳು ಭಾನುವಾರ ಕೇಳುತ್ತಾರೆ. ಅಷ್ಟರೊಳಗೆ ಆ ತಪ್ಪು ನೂರು ಸಲ ಪುನರಾವರ್ತನೆಯಾಗಿ ಗಟ್ಟಿಗೊಂಡಿರುತ್ತದೆ. ಈ ಅಂತರವನ್ನು ತುಂಬುವುದೇ ಮನೆಯವರ ಕೆಲಸ.

ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯) ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತು ಮರಳುತ್ತಿದ್ದರು. ಆ ಗುರುಗಳು ಒಂದೊಂದು ಸ್ವರಗುಚ್ಛವೂ ಪಳಗುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಸ್ವಲ್ಪವೇ ಪಾಠ, ಆದರೆ ಅದು ಪೂರ್ತಿಯಾಗಿ ತನ್ನದಾಗಬೇಕು ಎಂಬುದು ಆ ಪದ್ಧತಿಯ ಸಾರ. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಅವರು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರೆಂಬುದು ಪ್ರಸಿದ್ಧ ಸಂಗತಿ. ಅಷ್ಟು ದೊಡ್ಡ ತ್ಯಾಗವನ್ನು ಇಂದಿನ ತಾಯಂದಿರಿಂದ ಯಾರೂ ಕೇಳುತ್ತಿಲ್ಲ. ಮಗುವಿನ ರಿಯಾಜಿನ ಇಪ್ಪತ್ತು ನಿಮಿಷ ಟಿ.ವಿ.ಯನ್ನು ಆರಿಸಿದರೆ ಸಾಕು.

ತಪ್ಪನ್ನು ಹಿಡಿಯುವ ಬಗೆ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ೨೦೦೯ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹದಿನೇಳು ಜನ ಪ್ರೌಢ ಪಿಯಾನೋ ವಿದ್ಯಾರ್ಥಿಗಳಿಗೆ ಒಂದು ಕಠಿಣ ಸ್ವರಭಾಗವನ್ನು ಕೊಟ್ಟು, ಮರುದಿನ ಅದನ್ನು ನುಡಿಸಲು ಹೇಳಿದರು. ಚೆನ್ನಾಗಿ ನುಡಿಸಿದವರು ಹೆಚ್ಚು ಹೊತ್ತು ಅಭ್ಯಾಸ ಮಾಡಿದವರಾಗಿರಲಿಲ್ಲ; ಮೊದಲಿನಿಂದಲೇ ತಪ್ಪದೆ ನುಡಿಸಿದವರೂ ಆಗಿರಲಿಲ್ಲ. ತಪ್ಪಿದ ಕೂಡಲೆ ನಿಂತು, ತಪ್ಪು ಎಲ್ಲಿದೆಯೆಂದು ನಿಖರವಾಗಿ ಗುರುತಿಸಿ, ಲಯವನ್ನು ತಗ್ಗಿಸಿ, ಅಷ್ಟನ್ನೇ ಸರಿಪಡಿಸಿಕೊಂಡವರೇ ಮುಂದಿದ್ದರು. ಸವಾಯಿ ಗಂಧರ್ವರ ಪದ್ಧತಿಗೂ ಇದಕ್ಕೂ ಎಷ್ಟು ಹೋಲಿಕೆಯಿದೆ ನೋಡಿ!

ನಮ್ಮ ಮಕ್ಕಳು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತೀರ ವಿರುದ್ಧ. ಮೊದಲಿನಿಂದ ಬಾರಿಸುತ್ತ ಬರುತ್ತಾರೆ. ತೊಡಕಿನ ಜಾಗ ಬಂದಾಗ ಎಡವುತ್ತಾರೆ. ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಹೀಗೆ ಬರುವ ಭಾಗವೇ ಹತ್ತು ಸಲ ಅಭ್ಯಾಸವಾಗುತ್ತದೆ, ಬಾರದ ಭಾಗ ಹತ್ತು ಸಲ ತಪ್ಪಾಗುತ್ತದೆ. ಇದಕ್ಕೆ ಮದ್ದು ಸುಲಭವಾದದ್ದು. ಎಡವಿದ ಜಾಗದ ನಾಲ್ಕು ಮಾತ್ರೆಗಳನ್ನಷ್ಟೇ ಬಿಡಿಸಿಕೊಳ್ಳಬೇಕು. ತಪ್ಪಲು ಸಾಧ್ಯವೇ ಇಲ್ಲದಷ್ಟು ನಿಧಾನವಾಗಿ ಬಾರಿಸಬೇಕು. ಸತತವಾಗಿ ಮೂರು ಸಲ ಸರಿಬಂದ ಮೇಲೆ ಅದರ ಹಿಂದಿನ ಸ್ವರಗಳನ್ನೂ ಮುಂದಿನ ಸ್ವರಗಳನ್ನೂ ಜೋಡಿಸಬೇಕು. ಲಯವನ್ನು ಏರಿಸುವುದು ಎಲ್ಲಕ್ಕಿಂತ ಕೊನೆಗೆ.

ತಬಲಾ ಕಲಿಯುವ ಮಗು ಕೈಯಿಡುವ ಮೊದಲು ಬೋಲುಗಳನ್ನು ಬಾಯಿಂದ ಹೇಳಬೇಕು. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ‘ಧಾ ಧಿಂ ಧಿಂ ಧಾ’ ಎಂದು ಕೈಯಲ್ಲಿ ತಾಳ ಹಾಕುತ್ತ ಹೇಳಬಲ್ಲ ಮಗುವಿನ ಬೆರಳು ಅರ್ಧ ಪಾಠವನ್ನು ಆಗಲೇ ಕಲಿತಂತೆ. ಹಾರ್ಮೋನಿಯಂ ಬಾರಿಸುವ ಮಗು ಸ್ವರಗಳನ್ನು ಹಾಡಲೂ ಬೇಕು. ಮೀಂಡು, ಗಮಕಗಳು ಈ ವಾದ್ಯಕ್ಕೆ ಒಗ್ಗುವುದಿಲ್ಲ, ಇದರ ಸ್ವರಸ್ಥಾನಗಳು ನಮ್ಮ ರಾಗಗಳಿಗೆ ಪೂರ್ತಿ ಹೊಂದುವುದಿಲ್ಲ ಎಂಬ ಆಕ್ಷೇಪಗಳಿಂದಾಗಿ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಇದನ್ನು ದೂರವಿರಿಸಿತ್ತು. ಬೆರಳಿಗೆ ದಕ್ಕದ ಆ ಸೂಕ್ಷ್ಮಗಳನ್ನು ಕಂಠದಿಂದಲೇ ಕಿವಿಗೆ ಕಲಿಸಬೇಕಾಗುತ್ತದೆ.

ಹೊತ್ತು ಮತ್ತು ಜಾಗ

ಎಂಟು ಹತ್ತು ವರ್ಷದ ಮಗುವನ್ನು ಒಂದೇ ಸಮನೆ ಒಂದು ಗಂಟೆ ಕೂರಿಸುವುದರಿಂದ ಪ್ರಯೋಜನವಿಲ್ಲ. ಶಾಲೆಗೆ ಹೊರಡುವ ಮೊದಲು ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸಾಕು. ಆದರೆ ಅದು ದಿನವೂ ನಡೆಯಬೇಕು. ೧೯೯೩ರಲ್ಲಿ ಪ್ರಕಟವಾದ ಬರ್ಲಿನ್ ನಗರದ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿಯೂ, ಮೇಲ್ದರ್ಜೆಯವರು ನಡುನಡುವೆ ಬಿಡುವು ಕೊಟ್ಟು ಅಭ್ಯಾಸ ಮಾಡುತ್ತಿದ್ದರೆಂದೂ ನಿದ್ರೆಗೆ ಕೊರತೆ ಮಾಡಿಕೊಳ್ಳುತ್ತಿರಲಿಲ್ಲವೆಂದೂ ಕಂಡುಬಂದಿತು. ಆಟದ ನಡುವಿನಿಂದ ಮಗುವನ್ನು ಎಳೆದುತಂದು ವಾದ್ಯದ ಮುಂದೆ ಕೂರಿಸುವುದು ಮಾತ್ರ ಸಲ್ಲದು. ಹಾಗೆ ಮಾಡಿದರೆ ವಾದ್ಯವೇ ವೈರಿಯಾಗುತ್ತದೆ.

ಆ ಹದಿನೈದು ನಿಮಿಷಗಳಿಗೂ ಒಂದು ಅನುಕ್ರಮವಿರಲಿ. ಮೊದಲು ತಂಬೂರಿಯ ಶ್ರುತಿಯಲ್ಲಿ ಷಡ್ಜವನ್ನು ಹಿಡಿಯುವುದು. ಈಗ ಮೊಬೈಲಿನಲ್ಲಿಯೇ ತಂಬೂರಿಯ ನಾದ ದೊರೆಯುತ್ತದೆ. ಅನಂತರ ಎರಡು ಅಲಂಕಾರ. ಬಳಿಕ ಹೊಸ ಪಾಠದ ತೊಡಕಿನ ಜಾಗ. ಕಟ್ಟಕಡೆಗೆ, ಮಗುವಿಗೆ ಚೆನ್ನಾಗಿ ಬರುವ, ಅದರ ಮೆಚ್ಚಿನ ಒಂದು ಪದ. ಊಟದ ಕೊನೆಗೆ ಸಿಹಿಯಿದ್ದರೆ ಮರುದಿನ ಎಲೆಯ ಮುಂದೆ ಕೂರಲು ಯಾರಿಗೆ ಬೇಸರ?

ನಮ್ಮ ಸೀಮೆಯ ಮನೆಗಳ ನೆಲಕ್ಕೆ ಶಹಾಬಾದದ ಹಾಸುಗಲ್ಲು. ಗೋಡೆಯೂ ಕಲ್ಲಿನದಾದರೆ ಕೋಣೆಯಲ್ಲಿ ನಾದ ಮಾರ್ದನಿಗೊಂಡು ಒಂದು ಸ್ವರ ಇನ್ನೊಂದರ ಮೇಲೆ ಬೀಳುತ್ತದೆ. ತಪ್ಪಾದದ್ದು ಮಗುವಿನ ಕಿವಿಗೆ ತಿಳಿಯುವುದೇ ಇಲ್ಲ. ನೆಲದ ಮೇಲೊಂದು ಕೌದಿ ಹಾಸಿ, ಹಗ್ಗದ ಮೇಲೆ ಇನ್ನೊಂದನ್ನು ಇಳಿಬಿಟ್ಟರೆ ನಾದ ಸ್ವಚ್ಛವಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಒಣ ಹವೆಗೆ ತಬಲೆಯ ಚರ್ಮ ಬಿಗಿದು ಶ್ರುತಿ ಏರುತ್ತದೆ, ಮಳೆಗಾಲದಲ್ಲಿ ಸಡಿಲುತ್ತದೆ. ಆದ್ದರಿಂದ ವಾದ್ಯವನ್ನು ಒಲೆಯ ಹತ್ತಿರವಾಗಲಿ ಬಿಸಿಲು ಬೀಳುವ ಕಿಟಕಿಯ ಬಳಿಯಾಗಲಿ ಇಡಬಾರದು. ಆದರೆ ಅದು ಕಣ್ಣಿಗೆ ಬೀಳುವಂತಿರಬೇಕು. ಅಟ್ಟದಿಂದ ಇಳಿಸಬೇಕಾದ ವಾದ್ಯ ದಿನವೂ ಇಳಿಯುವುದಿಲ್ಲ.

ಸಂಗೀತವರಿಯದ ತಾಯಿತಂದೆ

‘ನಮಗೇ ಸರಿಗಮ ಬಾರದು, ನಾವೇನು ಹೇಳಿಕೊಡೋಣ?’ ಎಂಬುದು ಹಲವರ ಅಳಲು. ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ಜಪಾನಿನ ಶಿನಿಚಿ ಸುಜುಕಿಯವರು (೧೮೯೮–೧೯೯೮) ಮಕ್ಕಳಿಗೆ ಪಿಟೀಲು ಕಲಿಸುವ ತಮ್ಮ ಪದ್ಧತಿಯಲ್ಲಿ ತಾಯಿ ಅಥವಾ ತಂದೆ ಪಾಠದ ವೇಳೆಯಲ್ಲಿ ಜೊತೆಗೆ ಕೂರಬೇಕೆಂದು ಬಯಸಿದರು. ನಮ್ಮಲ್ಲಿ ಗುರುಗಳ ಅಪ್ಪಣೆ ಪಡೆದು ಪಾಠದ ಕೊನೆಯ ಐದು ನಿಮಿಷಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡರೆ, ವಾರವಿಡೀ ಗುರುಗಳ ದನಿ ಮನೆಯಲ್ಲಿದ್ದಂತೆಯೇ ಸರಿ. ಮಗು ತನ್ನದನ್ನೂ ಮುದ್ರಿಸಿ, ಎರಡನ್ನೂ ಕೇಳಿ, ವ್ಯತ್ಯಾಸವನ್ನು ತಾನೇ ಗುರುತಿಸಲಿ.

ರೊಟ್ಟಿ ಬಡಿಯುತ್ತಿರುವ ತಾಯಿ, ‘ಮತ್ತ ತಪ್ಪಿದಿ ನೋಡು’ ಎಂದು ಗದರುವುದರ ಬದಲು, ‘ಎಲ್ಲಿ ತೊಡಕಾಗ್ತದ ತಮ್ಮಾ? ಅಷ್ಟೇ ಇನ್ನೊಮ್ಮೆ ಬಾರ್ಸು’ ಎಂದರೆ, ಆಕೆ ಸರಿಗಮವನ್ನರಿಯದೆಯೂ ಗುರುವಿನ ಕೆಲಸವನ್ನು ಮಾಡಿದಂತಾಯಿತು. ನೆಂಟರು ಬಂದಾಗಲೆಲ್ಲ ‘ಒಂದು ಹಾಡು ಬಾರಿಸು’ ಎಂದು ಅರೆಬೆಂದ ಪಾಠವನ್ನು ಪ್ರದರ್ಶನಕ್ಕಿಡುವುದೂ ಬೇಡ. ಹೆಣ್ಣುಮಗಳ ರಿಯಾಜಿನ ವೇಳೆಗೇ ನೀರಿನ ಕೊಡ ನೆನಪಾಗುವ ಮನೆಗಳಿವೆ. ಅಣ್ಣನ ಓದಿನ ಹೊತ್ತನ್ನು ಕಾಪಾಡುವಷ್ಟೇ ಕಟ್ಟುನಿಟ್ಟಾಗಿ ತಂಗಿಯ ಈ ಹದಿನೈದು ನಿಮಿಷಗಳನ್ನೂ ಕಾಪಾಡಬೇಕು.

ಹತ್ತನೆಯ ತರಗತಿ ಬಂದಾಗ ‘ಪರೀಕ್ಷೆ ಮುಗಿದ ಮೇಲೆ ನೋಡೋಣ’ ಎಂದು ವಾದ್ಯವನ್ನು ಕಟ್ಟಿಡುವುದು ವಾಡಿಕೆ. ಹಾಗೆ ಕಟ್ಟಿಟ್ಟದ್ದು ಮತ್ತೆ ಬಿಚ್ಚುವುದು ಅಪರೂಪ. ಹೊತ್ತನ್ನು ಹತ್ತು ನಿಮಿಷಕ್ಕೆ ಇಳಿಸಿರಿ, ನಿಲ್ಲಿಸಬೇಡಿರಿ. ಓದಿ ದಣಿದ ಮನಸ್ಸಿಗೆ ಆ ಹತ್ತು ನಿಮಿಷಗಳೇ ವಿಶ್ರಾಂತಿ.

ಕಲಿತ ಮಕ್ಕಳೆಲ್ಲ ಗವಾಯಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮುಂದಿನ ಶ್ರಾವಣದಲ್ಲಿ ಊರ ಗುಡಿಯ ಭಜನೆಗೆ ಶ್ರುತಿ ತಪ್ಪದ ಹಾರ್ಮೋನಿಯಂ ಒಂದು, ಲಯ ತಪ್ಪದ ತಬಲಾ ಒಂದು ದೊರೆತರೆ, ತೊಗರಿ ಮಾರಿದ ಆ ಹಣ ಸಾರ್ಥಕವಾದಂತೆಯೇ.