ತಂದೆಯಂತೆ ನಿಂತವರಿಗೆ ನಮ್ಮ ಕೃತಜ್ಞತೆ



ನಮ್ಮ ಸಂಘಗಳ ಸಭೆ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ದೇವರನ್ನು "ತಂದೆಯೇ" ಅಂತ ಕರೆಯುವುದು ಎಷ್ಟು ರೂಢಿಯಾಗಿದೆ ಎಂದರೆ ಆ ಮಾತಿನ ಅರ್ಥದ ಕಡೆ ಗಮನವೇ ಹೋಗುವುದಿಲ್ಲ. ಆದರೆ ಒಂದೇ ಚಾಪೆಯ ಮೇಲೆ ಕೂತವರಲ್ಲಿ ಒಬ್ಬಳಿಗೆ ತಂದೆ ಅಂದ ಕೂಡಲೇ ಸಂತೆಯಿಂದ ಮಂಡಕ್ಕಿ ಪೊಟ್ಟಣ ತರುತ್ತಿದ್ದ ಅಪ್ಪ ನೆನಪಾಗುತ್ತಾನೆ. ಇನ್ನೊಬ್ಬಳಿಗೆ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದ ಅಪ್ಪ. ಮತ್ತೊಬ್ಬಳಿಗೆ ಅಪ್ಪನ ಮುಖವೇ ಗೊತ್ತಿಲ್ಲ. "ದೇವರು ತಂದೆಯ ಹಾಗೆ ಪ್ರೀತಿಸುತ್ತಾರೆ" ಎಂದರೆ ಈ ಮೂವರಿಗೂ ಒಂದೇ ಅರ್ಥ ಹೇಗೆ ಬಂದೀತು?

ಹೀಗೆ ಕೇಳುವುದು ಪಾಪವೇನಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ (ಸಂಖ್ಯೆ 239) ಇದನ್ನು ಒಪ್ಪುತ್ತದೆ. ತಂದೆತಾಯಿಯರು ತಪ್ಪು ಮಾಡುವ ಮನುಷ್ಯರೇ, ತಂದೆತನ ಮತ್ತು ತಾಯ್ತನದ ಮುಖವನ್ನೇ ಅವರು ಕೆಡಿಸಿಬಿಡಬಹುದು ಎಂದು ಅಲ್ಲಿ ಹೇಳಿದೆ. ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂಬುದೂ ಅಲ್ಲೇ ಇದೆ. ಯೆಶಾಯನ ಗ್ರಂಥದಲ್ಲಿ (66:13) ದೇವರು ತಮ್ಮನ್ನು ಮಗುವನ್ನು ಸಂತೈಸುವ ತಾಯಿಗೆ ಹೋಲಿಸಿಕೊಳ್ಳುತ್ತಾರೆ. ಆದ್ದರಿಂದ ನಮ್ಮ ಅಪ್ಪನನ್ನು ನೋಡಿ ದೇವರನ್ನು ಅಳೆಯಬೇಕಾಗಿಲ್ಲ. ದೇವರ ಪ್ರೀತಿ ಎಂಥದ್ದು ಅಂತ ಮೊದಲು ತಿಳಿದು, ಅದರ ಒಂದು ತುಣುಕು ನಮಗೆ ಯಾರಲ್ಲಿ ಕಂಡಿತು ಅಂತ ಹುಡುಕಬೇಕು. ಕೆಲವರಿಗೆ ಅದು ಸ್ವಂತ ತಂದೆಯಲ್ಲೇ ಸಿಗುತ್ತದೆ. ಕೆಲವರಿಗೆ ಸೋದರಮಾವನಲ್ಲಿ, ಉಪದೇಶಿಯವರಲ್ಲಿ, ಶಾಲೆಯ ಮೇಷ್ಟ್ರಲ್ಲಿ.

ಮಾತಾಡದ ಜೋಸೆಫರು

ಯೇಸುಸ್ವಾಮಿಯನ್ನು ಸಾಕಿ ಬೆಳೆಸಿದ ಸಂತ ಜೋಸೆಫರು ಅವರಿಗೆ ಸಾಕುತಂದೆ. ನಾಲ್ಕು ಶುಭಸಂದೇಶಗಳನ್ನು ತಿರುವಿ ಹಾಕಿದರೂ ಅವರ ಬಾಯಿಂದ ಬಂದ ಒಂದು ಮಾತೂ ಸಿಗುವುದಿಲ್ಲ. ಅವರು ಮಾಡಿದ ಕೆಲಸ ಮಾತ್ರ ಸಿಗುತ್ತದೆ. ಮರಿಯಮ್ಮನವರು ಗರ್ಭಿಣಿ ಅಂತ ತಿಳಿದಾಗ ಅವರ ಮಾನವನ್ನು ಬೀದಿಗೆ ತರಲು ಜೋಸೆಫರಿಗೆ ಮನಸ್ಸಾಗಲಿಲ್ಲ. (ನಮ್ಮ ಊರುಗಳಲ್ಲಿ ಬರೀ ಸಂಶಯ ಬಂದರೂ ಸಾಕು, ಏನೇನಾಗುತ್ತದೆ ಅಂತ ನಿಮಗೆ ಗೊತ್ತಲ್ಲ!) ದೇವದೂತ ತಿಳಿಸಿದ ಮೇಲೆ ಅವರನ್ನು ಮನೆಗೆ ಕರೆದುಕೊಂಡರು, ಮಗುವಿಗೆ ಯೇಸು ಎಂದು ಹೆಸರಿಟ್ಟರು. ಯೆಹೂದ್ಯರ ಪದ್ಧತಿಯಲ್ಲಿ ತಂದೆ ಹೆಸರಿಟ್ಟ ಅಂದರೆ "ಈ ಮಗು ನನ್ನದು" ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗೆ.

ದೇವಾಲಯದಲ್ಲಿ ಮಗುವನ್ನು ಅರ್ಪಿಸಲು ಹೋದಾಗ ಅವರ ಕಾಣಿಕೆ ಎರಡು ಹಕ್ಕಿಗಳದ್ದು. ಕುರಿಮರಿ ಕೊಳ್ಳಲು ಕೈಲಾಗದ ಬಡವರಿಗೆ ಮೋಶೆಯ ಧರ್ಮಶಾಸ್ತ್ರ ಕೊಟ್ಟ ರಿಯಾಯಿತಿ ಅದು. ಹೆರೋದ ಮಗುವನ್ನು ಕೊಲ್ಲಿಸಲು ಹೊರಟಾಗ ತಾಯಿ ಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಜೀವ ಉಳಿಸಿಕೊಳ್ಳಲು ಗುಳೆ ಹೋದ ಕುಟುಂಬ ಅಂದರೂ ತಪ್ಪಲ್ಲ. ಆಮೇಲೆ ನಜರೇತಿನಲ್ಲಿ ಬಡಗಿ ಕೆಲಸ. ಮತ್ತಾಯನ ಶುಭಸಂದೇಶದಲ್ಲಿ ಜನ ಯೇಸುವನ್ನು ಬಡಗಿಯ ಮಗ ಅನ್ನುತ್ತಾರೆ, ಮಾರ್ಕನಲ್ಲಿ ಯೇಸುವನ್ನೇ ಬಡಗಿ ಅನ್ನುತ್ತಾರೆ. ಅಂದರೆ ಅಪ್ಪನ ಕೈಕಸುಬು ಮಗನ ಕೈಗೆ ಬಂದಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಉಳಿ ಹಿಡಿಯುವುದನ್ನು ತೋರಿಸದೆ ಅದು ಬರುತ್ತದೆಯೇ?

ಇನ್ನೊಂದು ವಿಷಯ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನಿ ತೋಪಿನಲ್ಲಿ ಯೇಸು ದೇವರನ್ನು "ಅಬ್ಬಾ" ಅಂತ ಕರೆದರು. ಅವರ ಅರಮಾಯಿಕ್ ಭಾಷೆಯಲ್ಲಿ ಮಕ್ಕಳು ಮನೆಯಲ್ಲಿ ಅಪ್ಪನನ್ನು ಕರೆಯುವ ಮಾತು ಅದು, ನಮ್ಮ "ಅಪ್ಪಾ" ಇದ್ದ ಹಾಗೆಯೇ. ಆ ಮಾತನ್ನು ಅವರು ಚಿಕ್ಕಂದಿನಲ್ಲಿ ಮೊದಲು ಆಡಿದ್ದು ಜೋಸೆಫರನ್ನು ನೋಡಿಯೇ ಇರಬೇಕು.

1870ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ಅವರು ಜೋಸೆಫರನ್ನು ಇಡೀ ಧರ್ಮಸಭೆಯ ಪಾಲಕರೆಂದು ಘೋಷಿಸಿದರು. ಅದರ 150ನೇ ವರ್ಷಕ್ಕೆ, 2020ರಲ್ಲಿ, ಪೋಪ್ ಫ್ರಾನ್ಸಿಸ್ ಅವರು ಒಂದು ಪತ್ರ ಬರೆದು ಒಂದು ವರ್ಷವನ್ನೇ ಜೋಸೆಫರಿಗೆ ಮೀಸಲಿಟ್ಟರು. ಮಗು ಹುಟ್ಟಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಇನ್ನೊಬ್ಬರ ಬದುಕಿನ ಹೊಣೆ ಹೊತ್ತಾಗ ತಂದೆಯಾಗುತ್ತಾರೆ ಎಂಬುದು ಆ ಪತ್ರದ ತಿರುಳು. ನನ್ನ ಮಟ್ಟಿಗೆ ಅಪ್ಪಂದಿರ ಬಗ್ಗೆ ಧರ್ಮಸಭೆ ಹೇಳಿದ ಮಾತುಗಳಲ್ಲಿ ಬಹಳ ಉಪಯೋಗಕ್ಕೆ ಬರುವ ಮಾತು ಇದು.

ಕೈ ಹಿಡಿದು ನಡೆಸಿದವರು

ಸಂತ ಪೌಲರ ಜೊತೆಗಾರ ತಿಮೊಥೇಯನ ಮನೆ ನೋಡಿ. ತಂದೆ ಗ್ರೀಕ. ವಿಶ್ವಾಸ ಬಂದದ್ದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯಿಂದ. ಇಬ್ಬರು ಹೆಂಗಸರು ಬೆಳೆಸಿದ ಆ ಹುಡುಗನನ್ನು ಪೌಲರು "ನನ್ನ ಮಗ" ಅಂತ ಕರೆದು ಜೊತೆಗೆ ಕರೆದುಕೊಂಡು ಹೋದರು, ಜವಾಬ್ದಾರಿ ಕೊಟ್ಟರು. ಪತ್ರದಲ್ಲಿ ಉಪದೇಶದ ನಡುವೆ ಅವನ ಹೊಟ್ಟೆಯ ತೊಂದರೆಯನ್ನೂ ವಿಚಾರಿಸುತ್ತಾರೆ. ತಾವು ಸೆರೆಮನೆಯಲ್ಲಿದ್ದಾಗ, ಬಿಟ್ಟು ಬಂದ ಮೇಲಂಗಿ ತಂದುಕೊಡು ಅಂತ ಅವನನ್ನೇ ಕೇಳುತ್ತಾರೆ. ಗುರು ಅಂದರೆ ಬರೀ ಹೇಳುವವನಲ್ಲ, ಶಿಷ್ಯನ ಹತ್ತಿರ ಕೇಳಲು ನಾಚದವನು ಕೂಡ.

ಜ್ಞಾನಸ್ನಾನದಲ್ಲಿ ಜ್ಞಾನತಂದೆ, ಜ್ಞಾನತಾಯಿಯನ್ನು ಇಡುವುದು ಇದಕ್ಕಾಗಿಯೇ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಅವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರ ಆಗಿರಬೇಕು. ಮಗುವಿನ ಸ್ವಂತ ತಂದೆತಾಯಿ ಆಗುವಂತಿಲ್ಲ. ಮಗು ವಿಶ್ವಾಸದಲ್ಲಿ ಬಾಳುವಂತೆ ನೆರವಾಗುವುದು ಅವರ ಕೆಲಸ. ನಮ್ಮಲ್ಲಿ ಅದು ಬಟ್ಟೆ, ಚಿನ್ನ ಕೊಡುವವರು ಯಾರು ಎಂಬ ಲೆಕ್ಕವಾಗಿಬಿಟ್ಟಿದೆ. ಚಿನ್ನಕ್ಕಿಂತ, ಮಗು ಹತ್ತನೇ ಕ್ಲಾಸಿನಲ್ಲಿ ಫೇಲಾದ ದಿನ ಮನೆಗೆ ಬರುವವರನ್ನು ಆರಿಸುವುದು ಒಳ್ಳೆಯದು.

ನಮ್ಮ ನಾಡಿನಲ್ಲೂ ಇಂಥವರು ಇದ್ದರು. ಮಂಗಳೂರಿನ ಕಂಕನಾಡಿ ಆಸ್ಪತ್ರೆಗೆ ಹೋದವರಿಗೆ ಫಾದರ್ ಮುಲ್ಲರ್ ಹೆಸರು ಗೊತ್ತು. ಜರ್ಮನಿಯಿಂದ ಬಂದ ಆ ಜೆಸ್ವಿತ್ ಗುರುಗಳು 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಸಂತ ಜೋಸೆಫರ ಹೆಸರಿನಲ್ಲಿ ಆಶ್ರಯ ಕಟ್ಟಿದರು. ಅದೇ ಊರಿನ ಬೆಂದೂರಿನಲ್ಲಿ ಗುರುಗಳಾಗಿದ್ದ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಅವರು 1921ರಲ್ಲಿ ನಾಲ್ವರು ಯುವತಿಯರ ಬೆನ್ನಿಗೆ ನಿಂತು ಬೆಥನಿ ಸಹೋದರಿಯರ ಸಭೆ ಸ್ಥಾಪಿಸಿದರು. ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೆಥನಿ ಸಿಸ್ಟರ್‌ಗಳ ಶಾಲೆಯಲ್ಲಿ ಅಕ್ಷರ ಕಲಿತಿದ್ದಾರೆ. ಈ ಓಲೆ ಓದುತ್ತಿರುವವರಲ್ಲೂ ಕೆಲವರು ಇರಬಹುದು.

ಕೃತಜ್ಞತೆ ಅಂದರೆ ಸಹಿಸಿಕೊಳ್ಳುವುದಲ್ಲ

ಒಂದು ಎಚ್ಚರಿಕೆ ಹೇಳಲೇಬೇಕು. "ಏನೇ ಆದರೂ ಅಪ್ಪ ಅಲ್ವಾ, ಗಂಡ ಅಲ್ವಾ" ಅಂತ ಹೊಡೆತ ತಿನ್ನುವುದಕ್ಕೆ ಕೃತಜ್ಞತೆ ಎಂಬ ಹೆಸರಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಮಗಳಿಗೂ, ತಾಯಿಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿ 181. ಹೊಡೆಯುವ ತಂದೆಯನ್ನು ಕ್ಷಮಿಸುವುದು ಬೇರೆ, ಅವನ ಕೈಗೆ ಸಿಗದಂತೆ ದೂರ ಇರುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಬಹುದು. ಜೋಸೆಫರೂ ಹೆರೋದನ ಮುಂದೆ ಸಹಿಸಿಕೊಂಡು ಕೂರಲಿಲ್ಲ, ಓಡಿದರು.

ಹಾಗೆಯೇ ಒಳ್ಳೆಯ ಅಪ್ಪನಿಗೆ ವಯಸ್ಸಾದಾಗ ಬಾಯಿಮಾತಿನ ಕೃತಜ್ಞತೆ ಸಾಲದು. ಸಿರಾಖನ ಗ್ರಂಥದ 3ನೇ ಅಧ್ಯಾಯ ಓದಿ ನೋಡಿ. ತಂದೆಗೆ ಬುದ್ಧಿ ಮಂಕಾದರೂ ಅವನನ್ನು ಹೀಗಳೆಯಬೇಡ ಅಂತ ಅಲ್ಲಿದೆ. ಹೇಳಿದ್ದನ್ನೇ ಹತ್ತು ಸಲ ಹೇಳುವ, ರಾತ್ರಿ ಎದ್ದು ಓಡಾಡುವ ಮುದುಕರನ್ನು ನೋಡಿಕೊಳ್ಳುವವರಿಗೆ ಇದರ ಬೆಲೆ ಗೊತ್ತು. ಆ ಕೆಲಸ ಹೆಚ್ಚಾಗಿ ಸೊಸೆಯ ತಲೆಗೇ ಬೀಳುತ್ತದೆ, ಗಂಡುಮಕ್ಕಳು ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ತಂದೆತಾಯಿಯ ಪೋಷಣೆ ಮಗನಿಗೂ ಮಗಳಿಗೂ ಸೇರಿದ ಹೊಣೆ. ಹಿರಿಯರ ಸಹಾಯವಾಣಿ 14567.

ಮಾರ್ಚ್ 19 ಸಂತ ಜೋಸೆಫರ ಹಬ್ಬ. ಆ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ. ತಂದೆಯಂತೆ ನಿಂತ ಒಬ್ಬರ ಹೆಸರನ್ನೂ ಅವರು ಮಾಡಿದ ಒಂದು ಕೆಲಸವನ್ನೂ ಪ್ರತಿಯೊಬ್ಬರೂ ಹೇಳಲಿ. ಹಿಂದೂ, ಮುಸ್ಲಿಂ ಸದಸ್ಯೆಯರೂ ಹೇಳಲಿ, ಅಪ್ಪಂದಿರು ಎಲ್ಲರಿಗೂ ಇದ್ದಾರೆ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯ ಮಾಡಬೇಡಿ. ಹೆಸರು ಹೇಳಿದವರು ಬದುಕಿದ್ದರೆ ಮುಂದಿನ ಸಭೆಯೊಳಗೆ ಅವರನ್ನು ಹೋಗಿ ನೋಡಿ ಬನ್ನಿ, ದೂರವಾದರೆ ಫೋನ್ ಮಾಡಿ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕಾಗಿಲ್ಲ.