ಧ್ವಜದೊಳಗಿನ ಚರಕ

ಬೇತಮಂಗಲದ ಶಾಲೆಯ ಅಂಗಳದಲ್ಲಾಗಲಿ, ಕೆಜಿಎಫ್‌ನ ಗಣಿ ಕಾಲೊನಿಯಲ್ಲಾಗಲಿ ಆಗಸ್ಟ್ 15ರಂದು ಏರುವ ಧ್ವಜದ ನಡುವೆ ನೀಲಿ ಚಕ್ರವಿರುತ್ತದೆ. ಆದರೆ ಹಿಂದಿನ ಕೋಲಾರ ಜಿಲ್ಲೆಯ ಜನ ಯಾವ ಧ್ವಜಕ್ಕಾಗಿ ಪ್ರಾಣ ತೆತ್ತರೋ ಅದರಲ್ಲಿ ಈ ಚಕ್ರವಿರಲಿಲ್ಲ, ಅಲ್ಲಿದ್ದದ್ದು ಚರಕ.

1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10 ಮಂದಿ. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿಯೂ ಧ್ವಜ ಸತ್ಯಾಗ್ರಹ ನಡೆದಿತ್ತು. ಕೊನೆಗೆ ಸರ್ದಾರ್ ಪಟೇಲರೊಡನೆ ಮಾತುಕತೆ ನಡೆಸಿದ ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ಕಾರ, ಮೈಸೂರು ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಕೊಂಡಿತು.

ಆ ಧ್ವಜದ ಮೂಲ ರೂಪವನ್ನು 1921ರಲ್ಲಿ ಬೆಜವಾಡದಲ್ಲಿ ಗಾಂಧೀಜಿಯ ಮುಂದಿಟ್ಟವರು ಪಿಂಗಳಿ ವೆಂಕಯ್ಯ. ಆಗ ಬಣ್ಣಗಳಿಗೆ ಮತಗಳ ಅರ್ಥವನ್ನು ಹಚ್ಚಲಾಗಿತ್ತು. ಇದರಿಂದ ತಕರಾರು ಎದ್ದಿತು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರು ಬಣ್ಣಗಳನ್ನು ನಿಗದಿಪಡಿಸಿ, ಇವು ಯಾವ ಮತವನ್ನೂ ಸೂಚಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಕೇಸರಿಗೆ ಧೈರ್ಯ ಮತ್ತು ತ್ಯಾಗ, ಬಿಳಿಗೆ ಸತ್ಯ ಮತ್ತು ಶಾಂತಿ ಎಂಬ ಅರ್ಥ ಬಂದದ್ದು ಹೀಗೆ.

1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜವನ್ನು ಅಂಗೀಕರಿಸಿದಾಗ ಚರಕದ ಜಾಗಕ್ಕೆ ಸಾರನಾಥದ ಅಶೋಕ ಚಕ್ರ ಬಂದಿತು. ನೆಹರೂ ಇದಕ್ಕೆ ಕೊಟ್ಟ ಕಾರಣಗಳಲ್ಲೊಂದು ತೀರ ವ್ಯಾವಹಾರಿಕವಾದದ್ದು. ಚರಕದ ಒಂದು ತುದಿಯಲ್ಲಿ ಗಾಲಿ, ಇನ್ನೊಂದು ತುದಿಯಲ್ಲಿ ಕದಿರು. ಬಟ್ಟೆಯ ಹಿಂಬದಿಯಿಂದ ನೋಡಿದರೆ ಅದು ತಿರುವುಮುರುವಾಗಿ ಕಾಣುತ್ತದೆ. 24 ಅರಗಳ ಚಕ್ರಕ್ಕೆ ಈ ತೊಡಕಿಲ್ಲ. ಎರಡೂ ಬದಿಯಿಂದ ಒಂದೇ. ಚಕ್ರವೆಂದರೆ ಚಲನೆ ಎಂದು ವಿವರಿಸಿದವರು ಎಸ್. ರಾಧಾಕೃಷ್ಣನ್.

ಹಾಗಾದರೆ ಚರಕ ಎಲ್ಲಿ ಹೋಯಿತು? ಅದು ಬಟ್ಟೆಯಲ್ಲಿ ಉಳಿಯಿತು. ಕೈಯಲ್ಲಿ ನೂತು, ಕೈಯಲ್ಲಿ ನೇಯ್ದ ಖಾದಿಯಿಂದಲೇ ಧ್ವಜ ಮಾಡಬೇಕೆಂಬ ನಿಯಮ ಬಂದಿತು. ಈ ಕಾಯಕದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಧಾರವಾಡದ ಬಳಿಯ ಗರಗದ ನೇಕಾರರು ಧ್ವಜದ ಬಟ್ಟೆಗೆ ಹೆಸರಾದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಿಂದ ಧ್ವಜಗಳು ದೇಶದ ಮೂಲೆ ಮೂಲೆಗೂ ಹೋಗಿವೆ. ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು. ಒಟ್ಟು ಒಂಬತ್ತು ಅಳತೆಗಳು: ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಎತ್ತರ, ಚಿಕ್ಕದು 150 ಮತ್ತು 100 ಮಿ.ಮೀ. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಗೊತ್ತಾದ ಪರೀಕ್ಷೆಯುಂಟು. ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹಳ್ಳಿಯ ಹೆಂಗಸರು.

2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ನೇಯ್ಗೆಗೂ ಅನುಮತಿ ನೀಡಿತು. ಧ್ವಜ ಅಗ್ಗವಾಗಿ ಮನೆಮನೆ ತಲುಪಲು ಇದು ಅನುಕೂಲವೇ. ಬಡವನ ಮನೆಯ ಮೇಲೂ ಬಾವುಟ ಹಾರಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಬಡವಿಯೇ ನೂಲುವವಳಾದರೆ ಅವಳ ಕೂಲಿಯ ಗತಿಯೇನು ಎಂಬ ಪ್ರಶ್ನೆಯನ್ನು ಖಾದಿ ಕೇಂದ್ರಗಳು ಎತ್ತಿವೆ.

1947ರಲ್ಲಿ ಚರಕ ಧ್ವಜದ ಚಿತ್ರದಿಂದಷ್ಟೇ ಮರೆಯಾಗಿತ್ತು. ಈಗ ಅದು ನೂಲಿನಲ್ಲಾದರೂ ಉಳಿಯುವುದೋ ಇಲ್ಲವೋ ಎಂಬುದು ಧ್ವಜ ಕೊಳ್ಳುವವರ ಕೈಯಲ್ಲಿದೆ.